ಹಳೆಯ ಮೋಟಾರ್ ಸೈಕಲ್ಲಿನ ನಾಡಿಪರೀಕ್ಷೆ

‘ಮೈಯಲ್ಲಿ ಬಲವಿಲ್ಲ’ ಎಂದು ರೋಗಿಯು ಹೇಳಿದೊಡನೆಯೇ ಶಸ್ತ್ರವನ್ನು ಕೈಗೆತ್ತಿಕೊಳ್ಳುವ ವೈದ್ಯನನ್ನು ನಾವು ಯಾರೂ ಮೆಚ್ಚುವುದಿಲ್ಲ. ನಾಡಿಯನ್ನು ಹಿಡಿದು, ನಾಲಗೆಯನ್ನು ನೋಡಿ, ಆಹಾರವಿಹಾರಗಳನ್ನು ವಿಚಾರಿಸಿದ ಮೇಲೆಯೇ ಚಿಕಿತ್ಸೆಯ ಮಾತು. ಯಂತ್ರಗಳ ವಿಷಯದಲ್ಲಿಯಾದರೋ ಈ ವಿವೇಕವು ನಮಗೆ ಅನೇಕವೇಳೆ ಮರೆತುಹೋಗುತ್ತದೆ.

ಬಸವಕಲ್ಯಾಣದ ನಮ್ಮ ಮಿತ್ರರೊಬ್ಬರಲ್ಲಿ ಅವರ ತಂದೆಯವರು ಬಳಸುತ್ತಿದ್ದ ಜಾವಾ ಮೋಟಾರ್ ಸೈಕಲ್ಲೊಂದಿದೆ. ಸಸ್ತಾಪುರದ ಬಳಿ ಹೆದ್ದಾರಿಯನ್ನು ಸೇರಿ ಹುಮನಾಬಾದಿಗೆ ಹೋಗುವ ಸುಮಾರು 30 ಕಿಲೋಮೀಟರುಗಳ ದಾರಿಯಲ್ಲಿ ಅದು ಹಿಂದೆ ಲೀಲಾಜಾಲವಾಗಿ ಓಡುತ್ತಿತ್ತು. ಕಳೆದ ವರ್ಷ ಅದರ ಶಕ್ತಿಯು ಕುಂದಿತು. ಮೊದಲ ಒದೆತಕ್ಕೇ ಹೊತ್ತಿಕೊಳ್ಳುವುದು, ನಿಂತಲ್ಲಿ ಸಮವಾಗಿ ಮಿಡಿಯುವುದು. ಆದರೆ ಗಂಟೆಗೆ 40 ಕಿಲೋಮೀಟರಿನಾಚೆಗೆ ಎಷ್ಟು ತಿರುವಿದರೂ ಗೊಣಗುವುದೇ ಹೊರತು ಮುಂದೆ ಹೋಗದು. ‘ಸಿಲಿಂಡರು ಸವೆದಿದೆ, ಬೋರ್ ಮಾಡಿಸಬೇಕು’ ಎಂದು ಮೆಕ್ಯಾನಿಕರೊಬ್ಬರು ತೀರ್ಪನ್ನಿತ್ತರು.

ಈ ತೀರ್ಪು ಸಾಮಾನ್ಯವಾದುದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿ, ಮುಂದೆ ಯೆಜ್ದಿ ಎಂಬ ಹೆಸರಿನಲ್ಲಿಯೂ ವಾಹನಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿಹೋಯಿತು. 2018ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದಿತಾದರೂ, ಆ ಹೊಸ ವಾಹನಗಳದು ಫೋರ್-ಸ್ಟ್ರೋಕ್ ಎಂಜಿನ್ನು. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿಗೆ ಅದರ ಭಾಗಗಳು ಒದಗುವುದಿಲ್ಲ. ಹಳೆಯ 250 ಸಿ.ಸಿ. ಜಾವಾದ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು. ಒಮ್ಮೆ ಕೊರೆದರೆ ಆ ಲೋಹವು ಮರಳಿ ಬಾರದು. ಕೆಲವೇ ಸಲ ಕೊರೆದ ಮೇಲೆ ಸಿಲಿಂಡರಿನ ಆಯುಷ್ಯವೇ ತೀರುತ್ತದೆ. ಆದುದರಿಂದ ಪರೀಕ್ಷೆಯಲ್ಲಿ ಸುಲಭವಾದುದೂ ಹಿಂದಿರುಗಿಸಬಹುದಾದುದೂ ಮೊದಲು, ಹಿಂದಿರುಗಿಸಲಾಗದ್ದು ಕೊನೆಗೆ ಎಂಬ ಕ್ರಮವನ್ನು ನಾವು ಹಿಡಿಯಬೇಕು.

ಎಂಜಿನ್ನಿಗೆ ಬೇಕಾದುವು ನಾಲ್ಕು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಸಕಾಲದಲ್ಲಿ ಕಿಡಿ, ಸಾಕಷ್ಟು ಒತ್ತಡ, ಉರಿದ ಹೊಗೆಗೆ ಹೊರದಾರಿ. ಇವುಗಳಿಗೆಲ್ಲ ಸಾಕ್ಷಿಯೆಂದರೆ ಸ್ಪಾರ್ಕ್ ಪ್ಲಗ್ಗು. ವೇಗವಾಗಿ ಓಡುತ್ತಿರುವಾಗಲೇ ಕ್ಲಚ್ಚನ್ನು ಹಿಡಿದು ಎಂಜಿನ್ನನ್ನು ನಿಲ್ಲಿಸಿ, ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದು ಕಂದುಬಣ್ಣದ್ದಾಗಿದ್ದರೆ ಆರೋಗ್ಯ. ಕಪ್ಪಾಗಿ ಜಿಡ್ಡುಗಟ್ಟಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚಾಗಿರಬಹುದು, ಕಿಡಿಯು ದುರ್ಬಲವಾಗಿರಬಹುದು, ಅಥವಾ ಹೊಗೆಯು ಒಳಗೇ ಉಳಿಯುತ್ತಿರಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಮಾತ್ರ ಆ ಕ್ಷಣವೇ ಓಡಿಸುವುದನ್ನು ನಿಲ್ಲಿಸತಕ್ಕದ್ದು: ಪೆಟ್ರೋಲು ಕಡಿಮೆಯಾಗಿ ಗಾಳಿಯು ಹೆಚ್ಚಾಗಿದೆ, ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವ ಭಯವುಂಟು.

ಹೀಗೆ ಬೆಳ್ಳಗಾಗಲು ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ, ಅದರ ಕೂಡುಸ್ಥಳದಲ್ಲಿ ಬಿರುಕು, ಕ್ರ್ಯಾಂಕಿನ ಸೀಲು ಹಾಳಾಗಿರುವುದು ಮುಂತಾದ ಕಾರಣಗಳುಂಟು. ಇಂದಿನ ಇಂಧನವೂ ಇವುಗಳೊಡನೆ ಸೇರಿದೆ. 2025ರ ವೇಳೆಗೆ ನಮ್ಮ ದೇಶದಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಸರ್ವಸಾಮಾನ್ಯವಾಯಿತು. ಶುದ್ಧ ಪೆಟ್ರೋಲಿಗೆಂದು ಅಳವಡಿಸಿದ ಹಳೆಯ ಜೆಟ್ಟಿನಲ್ಲಿ ಈ ಮಿಶ್ರಣವು ತುಸು ತೆಳುವಾಗಿ ಉರಿಯುತ್ತದೆ. ಎಥನಾಲು ನೀರನ್ನು ಹೀರುವ ಸ್ವಭಾವದ್ದಾದುದರಿಂದ, ತಿಂಗಳುಗಟ್ಟಲೆ ನಿಲ್ಲಿಸಿದ ವಾಹನದ ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಚೆಲ್ಲಿ ಹೊಸದನ್ನು ತುಂಬುವುದೇ ಲೇಸು.

ಒಂದೇ ಲಕ್ಷಣಕ್ಕೆ ಎರಡು ಕಾರಣಗಳಿರುವುದೂ ಉಂಟು. ಹತ್ತು ಕಿಲೋಮೀಟರು ಓಡಿ ವಾಹನವು ನಿಂತುಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಕಾದೊಡನೆ ಸೋಲುವ ಕಾಯಿಲ್ಲು ಇದಕ್ಕೆ ಕಾರಣವಾಗಿರಬಹುದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವು ಧೂಳಿನಿಂದ ಮುಚ್ಚಿದ್ದರೂ ಹೀಗೆಯೇ ಆಗುತ್ತದೆ. ನಿಂತ ಕೂಡಲೇ ಮುಚ್ಚಳವನ್ನು ತೆರೆಯಿರಿ. ಗಾಳಿಯು ಸುಯ್ಯೆಂದು ಒಳನುಗ್ಗಿ, ತುಸು ಹೊತ್ತಿನಲ್ಲಿಯೇ ಎಂಜಿನ್ನು ಹೊತ್ತಿಕೊಂಡರೆ ದೋಷವು ರಂಧ್ರದ್ದು. ಹಾಗಲ್ಲದೆ ಕಿಡಿಯೇ ಇಲ್ಲದಿದ್ದು, ತಣಿದ ಮೇಲೆ ಮಾತ್ರ ಮರಳಿ ಬಂದರೆ ಕಾಯಿಲ್ಲನ್ನೋ ಕಂಡೆನ್ಸರನ್ನೋ ಸಂದೇಹಿಸಬೇಕು.

ಮಿತ್ರರ ಜಾವಾದಲ್ಲಿ ಪ್ಲಗ್ಗು ಕಪ್ಪಾಗಿತ್ತು. ಕಾರ್ಬುರೇಟರು ಶುದ್ಧವಾಗಿತ್ತು. ಪಾಯಿಂಟುಗಳ ಅಂತರವನ್ನು 0.4 ಮಿಲಿಮೀಟರಿಗೆ ಸರಿಪಡಿಸಿದೆವು. ಕಿಡಿಯು ನೀಲಿಯಾಗಿ ಬಲವಾಗಿಯೇ ಇತ್ತು. ಕಿಕ್ಕರನ್ನು ನಿಧಾನವಾಗಿ ಒತ್ತಿದರೆ, ತಣ್ಣಗಿರುವಾಗಲೂ ಕಾದಿರುವಾಗಲೂ, ಪಿಸ್ಟನ್ನು ಕಾಲನ್ನು ಗಟ್ಟಿಯಾಗಿ ತಡೆಯುತ್ತಿತ್ತು. ಸವೆದ ಸಿಲಿಂಡರಿನಲ್ಲಿ ಇಷ್ಟು ಬಿಗಿಯಿರದು. ಉಳಿದುದು ಹೊರದಾರಿಯೊಂದೇ.

ಈ ಜಾವಾದಲ್ಲಿ ಸಿಲಿಂಡರು ಒಂದಾದರೂ ಸೈಲೆನ್ಸರುಗಳು ಎರಡು. ಎರಡರ ಹಿಂದೆಯೂ ಕೈಯನ್ನು ತುಸು ದೂರದಲ್ಲಿ ಹಿಡಿದು ನೋಡಿದೆವು. ಬಲಗಡೆಯ ಉಸಿರು ಕ್ಷೀಣವಾಗಿತ್ತು, ಎಡಗಡೆಯದು ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ಒಳಕೊಳವೆಗಳನ್ನು ಎಳೆದು ತೆಗೆದಾಗ, ರಂಧ್ರಗಳೆಲ್ಲ ಮಸಿಗಟ್ಟಿ ಕಲ್ಲಾಗಿದ್ದುವು. ಕಾರಣವೂ ತಿಳಿಯಿತು. ಲೀಟರು ಪೆಟ್ರೋಲಿಗೆ 40 ಮಿಲಿಲೀಟರು, ಅಂದರೆ 25ಕ್ಕೆ 1ರಂತೆ, ಎಣ್ಣೆಯನ್ನು ಬೆರೆಸಬೇಕಾದಲ್ಲಿ, ‘ಹೆಚ್ಚಾದರೆ ಒಳ್ಳೆಯದೇ’ ಎಂದು ನಮ್ಮ ಮಿತ್ರರು ಕೈಯಳತೆಯಿಂದ ಸುರಿಯುತ್ತಿದ್ದರು. ಊರೊಳಗಿನ ನಿಧಾನದ ಸವಾರಿಯೇ ಹೆಚ್ಚಾಗಿತ್ತು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣವು ಒಳಬರುತ್ತಲೇ ಹಳೆಯ ಹೊಗೆಯು ಹೊರಹೋಗಬೇಕು. ಹೊಗೆಗೆ ಎಡೆಯಿಲ್ಲದಿದ್ದರೆ ಮಿಶ್ರಣಕ್ಕೂ ಎಡೆಯಿಲ್ಲ.

ಕೊಳವೆಗಳನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ, ಕೈಕಣ್ಣುಗಳನ್ನು ಜೋಪಾನವಾಗಿಟ್ಟುಕೊಂಡು, ನೆನೆಸಿ ಉಜ್ಜಿದೆವು. ಈ ದ್ರಾವಣವು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆಂಬುದನ್ನು ಮರೆಯಬಾರದು. ಮರುದಿನ ಮಿತ್ರರು 60ರ ವೇಗದಲ್ಲಿ ಸುಖವಾಗಿ ಹುಮನಾಬಾದನ್ನು ಮುಟ್ಟಿದರು.

ಬೋರ್ ಮಾಡಿಸಿದ್ದರೆ ಏನಾಗುತ್ತಿತ್ತು? ಹೊಸ ಪಿಸ್ಟನ್ನು ಹೊಂದಿಕೊಳ್ಳುವವರೆಗೆ ನಿಧಾನವಾಗಿಯೇ ಓಡಿಸಬೇಕಾಗುತ್ತದೆಯಾಗಿ, ದೋಷವು ಹಾಗೆಯೇ ಉಳಿದಿರುವುದು ಬಹುದಿನಗಳವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದುದರಿಂದ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿರಿ. ಬದಲಿಸಿದುದನ್ನೂ ಅದರ ಫಲವನ್ನೂ ಚೀಟಿಯಲ್ಲಿ ಬರೆದಿಡಿರಿ. ನಮ್ಮ ಮಿತ್ರರು ಈಗ ಎಣ್ಣೆಯನ್ನು ಅಳತೆಯ ಲೋಟದಲ್ಲಿಯೇ ಅಳೆದು ಬೆರೆಸುತ್ತಾರೆ.