ಸಾಕುನಾಯಿಗೆ ಅಳಿಸಲಾಗದ ಗುರುತು

ತೋಟದ ಮನೆಗೆ ನಾಯಿ ಬೇಕೇ ಬೇಕು. ಅಡಿಕೆ ಒಣಗಿಸುವ ಅಂಗಳ, ಕಾಫಿ ಹರಡಿದ ಕಣ, ಎರಡಕ್ಕೂ ರಾತ್ರಿ ಕಾವಲು ಅದರದೇ. ಆದರೆ ಅದೇ ನಾಯಿ ಬೇಲಿ ದಾಟಿ ಹೋಗಿ ನಾಲ್ಕು ದಿನ ಬಾರದಿದ್ದಾಗ, ಇಲ್ಲವೆ ಪಕ್ಕದ ತೋಟದ ಕೆಲಸದವರಿಗೆ ಕಚ್ಚಿತೆಂದು ದೂರು ಬಂದಾಗ, "ಇದು ನಮ್ಮದೇ, ಇದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೇವೆ" ಎಂದು ರುಜುವಾತು ಮಾಡುವುದು ಹೇಗೆ? ಕೊರಳಪಟ್ಟಿ ಮುಳ್ಳಿಗೆ ಸಿಕ್ಕಿ ಕಳಚಿರುತ್ತದೆ. ಬಣ್ಣ ಹೇಳೋಣವೆಂದರೆ ಊರಿನ ಅರ್ಧ ನಾಯಿಗಳು ಅದೇ ಕಂದು ಬಣ್ಣದವು. ಇದಕ್ಕೊಂದು ಪರಿಹಾರ ಮೈಕ್ರೋಚಿಪ್.

ಚಿಪ್ ಎಂದರೇನು?

ಸರ್ಕಾರದವರು ದನಗಳಿಗೆ ಹಾಕುವ 12 ಅಂಕಿಗಳ ಹಳದಿ ಕಿವಿಯೋಲೆಯನ್ನು ತಾವು ಬಲ್ಲಿರಿ. ಓಲೆ ಹರಿದು ಬೀಳಬಹುದು. ಚಿಪ್ ಚರ್ಮದ ಒಳಗಿರುತ್ತದೆ. ಇದು ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಗುಳಿಗೆ. ಸಾಮಾನ್ಯವಾಗಿ ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ. ಒಳಗೆ ತಂತಿಯ ಸುರುಳಿಯೂ 15 ಅಂಕಿಗಳ ಒಂದು ಸಂಖ್ಯೆಯೂ ಇರುತ್ತವೆ. ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಅದರ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಸಂಖ್ಯೆಯನ್ನು ಹೇಳುತ್ತದೆ. ಆದುದರಿಂದ ನಾಯಿ ಬದುಕಿರುವವರೆಗೆ ಸಾಮಾನ್ಯವಾಗಿ ಒಂದೇ ಚಿಪ್ ಸಾಕು.

ಪಶುವೈದ್ಯರು ಇದನ್ನು ದಪ್ಪ ಸೂಜಿಯಿಂದ ಹೆಗಲುಗಳ ನಡುವಿನ ಸಡಿಲ ಚರ್ಮದ ಕೆಳಗೆ ಸೇರಿಸುತ್ತಾರೆ. ಕೆಲವೇ ಕ್ಷಣಗಳ ಕೆಲಸ. ಇಂಗ್ಲೆಂಡಿನಲ್ಲಿ ನಾಯಿಗಳಿಗೆ 2016ರಿಂದ, ಬೆಕ್ಕುಗಳಿಗೆ 2024ರಿಂದ ಇದು ಕಡ್ಡಾಯ.

ಚಿಪ್ ಮಾಡದ ಕೆಲಸ

ಕೆಲವರು ಚಿಪ್ ಹಾಕಿಸಿದರೆ ನಾಯಿ ಎಲ್ಲಿದೆ ಎಂದು ಫೋನಿನಲ್ಲಿ ಕಾಣುವುದೆಂದು ತಿಳಿದಿದ್ದಾರೆ. ಇದು ತಪ್ಪು. ಹಂದಿಗೆ ಕಟ್ಟಿದ ಉರುಳಿಗೆ ಸಿಕ್ಕ ನಾಯಿಯನ್ನಾಗಲಿ, ಚಿರತೆ ಹೊತ್ತ ನಾಯಿಯನ್ನಾಗಲಿ ಚಿಪ್ ಹುಡುಕಿಕೊಡದು. ಯಾರಾದರೂ ನಾಯಿಯನ್ನು ಹಿಡಿದು ಯಂತ್ರವಿರುವ ಕಡೆ ತಂದರೆ ಮಾತ್ರ ಉಪಯೋಗ. ಅದರಲ್ಲಿ ತಮ್ಮ ಹೆಸರೂ ಇರುವುದಿಲ್ಲ, ಬರಿಯ ಸಂಖ್ಯೆ. ಆ ಸಂಖ್ಯೆ ದಾಖಲೆಯಲ್ಲಿ ಇಲ್ಲದಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಅತಿ ಮುಖ್ಯವಾದ ಮಾತು: ಚಿಪ್ ಲಸಿಕೆಯಲ್ಲ. ನಾಯಿ ಕಚ್ಚಿದಾಗ ಚಿಪ್ ನೋಡುತ್ತಾ, ಕಾರ್ಡು ಹುಡುಕುತ್ತಾ ಕಾಲ ಕಳೆಯಬಾರದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಹಾಕಿಸುವವರ ಗಮನಕ್ಕೆ

1. ತಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಚಿಪ್ ಮತ್ತು ಓದುವ ಯಂತ್ರ ಎರಡೂ ಇವೆಯೇ ಎಂದು ಮೊದಲು ವಿಚಾರಿಸಿರಿ.

2. ಚುಚ್ಚುವ ಮೊದಲೂ ಅನಂತರವೂ ಸಂಖ್ಯೆಯನ್ನು ಯಂತ್ರದಿಂದ ಓದಿಸಿ ನೋಡಿರಿ.

3. ಸಂಖ್ಯೆಯನ್ನು ಲಸಿಕೆ ಕಾರ್ಡಿನಲ್ಲಿ ಬರೆಸಿರಿ. ಆಗ ಮಾತ್ರ ಲಸಿಕೆ ಹಾಕಿಸಿಕೊಂಡದ್ದು ಇದೇ ನಾಯಿ ಎಂದು ತೋರಿಸಬಹುದು.

4. ಸಂಖ್ಯೆಯನ್ನು ಯಾವ ದಾಖಲೆಗೆ ಸೇರಿಸಿದರೆಂದು ಕೇಳಿ ತಿಳಿದುಕೊಳ್ಳಿರಿ. ಫೋನ್ ನಂಬರು ಬದಲಾದರೆ, ನಾಯಿಯನ್ನು ಬೇರೆಯವರಿಗೆ ಕೊಟ್ಟರೆ, ಅಲ್ಲಿಯೂ ತಿದ್ದಿಸಿರಿ.

5. ಕೊರಳಪಟ್ಟಿಯನ್ನು ಬಿಡಬೇಡಿರಿ. ದಾರಿಯಲ್ಲಿ ಸಿಕ್ಕವರು ಓದಬಲ್ಲದ್ದು ಅದನ್ನೇ.

ಲಸಿಕೆಗೆ ಕರೆದೊಯ್ದ ದಿನವೇ ಚಿಪ್ಪನ್ನೂ ಹಾಕಿಸಿದರೆ ಎರಡು ಸಲ ಅಲೆಯುವುದು ತಪ್ಪುತ್ತದೆ. ಎರಡರಲ್ಲಿ ಒಂದೇ ಸಾಧ್ಯವಾದರೆ, ಮೊದಲು ಲಸಿಕೆ.