ಬಿಸಿಲನ್ನು ಬಟ್ಟೆಗೆ ಬಳಿದವರು

ಹತ್ತಿರ ಹೋಗಿ ನೋಡಿದರೆ ಅಲ್ಲಿ ಹೂವೇ ಇಲ್ಲ! ದಳವಿಲ್ಲ, ತೊಟ್ಟಿಲ್ಲ, ನಡುವಿನ ಕಪ್ಪು ಮಚ್ಚೆಯೂ ಇಲ್ಲ. ಕುಂಚದ ತುದಿಗೆ ಕೆಂಪು ತೆಗೆದುಕೊಂಡು ಹಸಿರಿನ ಮೇಲೆ ಒತ್ತಿ ಎತ್ತಿದ ಗುರುತುಗಳು, ಅಷ್ಟೇ. ಕೆಲವು ಉದ್ದ, ಕೆಲವು ದುಂಡು, ಯಾವುದಕ್ಕೂ ಅಂಚಿನ ಗೆರೆ ಇಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಇಡೀ ಇಳಿಜಾರು ಹೂಬಿಟ್ಟು ನಿಲ್ಲುತ್ತದೆ, ಎಲ್ಲಿಂದಲೋ ಗಾಳಿ ಬೀಸುತ್ತದೆ, ಹೂಗಳು ತಲೆಯಾಡಿಸತೊಡಗುತ್ತವೆ!

ಕ್ಲೋದ್ ಮೋನೆ 1873ರಲ್ಲಿ ಬರೆದ ಪಾಪಿ ಹೂಗಳ ಚಿತ್ರ ಇದು. ಈಗ ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಎತ್ತರ 50 ಸೆಂ.ಮೀ., ಅಗಲ 65 ಸೆಂ.ಮೀ. ಮೊಳಕ್ಕೆ ತುಸು ಹೆಚ್ಚು ಎತ್ತರದ ಈ ಬಟ್ಟೆಯೊಳಗೆ ಅರ್ಜಾಂತೊಯ್ ಊರಿನ ಒಂದು ಬೇಸಿಗೆ ಇಡಿಯಾಗಿ ಕೂತಿದೆ. ಮೇಲರ್ಧ ಬಿಳಿ ಮೋಡಗಳ ಆಕಾಶ. ನಡುವೆ ಮರಗಳ ಸಾಲು, ಅದರೊಳಗೊಂದು ಮನೆ. ಎದುರಿಗೆ ಕೊಡೆ ಹಿಡಿದ ಹೆಂಗಸು, ಪಕ್ಕದಲ್ಲಿ ಮಗು. ಅವರು ಮೋನೆಯ ಹೆಂಡತಿ ಕಮೀಲ್ ಮತ್ತು ಮಗ ಜಾನ್ ಎನ್ನುತ್ತಾರೆ. ದಿಬ್ಬದ ನೆತ್ತಿಯಲ್ಲಿ ಅಂಥದ್ದೇ ಇನ್ನೊಂದು ತಾಯಿ-ಮಗುವಿನ ಜೋಡಿ. ಇಷ್ಟು ಸಪ್ಪೆ ವಿಷಯ! ಯುದ್ಧವಿಲ್ಲ, ದೇವತೆಗಳಿಲ್ಲ, ರಾಜರಿಲ್ಲ. ಮುಂದಿನ ಸಾಲಿನ ಹೂಗಳಂತೂ ಅಳತೆ ಮೀರಿ ದೊಡ್ಡವು. ಡ್ರಾಯಿಂಗ್ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಖಂಡಿತ ತಿದ್ದಿಬಿಡುತ್ತಿದ್ದರು.

ಹಾಗಾದರೆ ಆ ಗಾಳಿ ಎಲ್ಲಿಂದ ಬಂತು?

ಫೋನಿನಲ್ಲಿ ಈ ಚಿತ್ರ ತೆರೆದು ಬಣ್ಣವನ್ನೆಲ್ಲ ತೆಗೆದುಹಾಕಿ, ಕಪ್ಪು-ಬಿಳುಪು ಮಾಡಿ ನೋಡಿ. ಕಣ್ಣಿಗೆ ರಾಚುತ್ತಿದ್ದ ಹೂಗಳಲ್ಲಿ ಬಹುಪಾಲು ಹುಲ್ಲಿನೊಳಗೆ ಕರಗಿಬಿಡುತ್ತವೆ! ಕೆಂಪು ಬೇರೆ, ಹಸಿರು ಬೇರೆ, ಆದರೆ ಅವುಗಳ ಪ್ರಖರತೆ ಹೆಚ್ಚುಕಮ್ಮಿ ಒಂದೇ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದರ ಗುಟ್ಟನ್ನು ಬಿಡಿಸಿ ಹೇಳಿದರು. ಅವರು ಮುಖ್ಯವಾಗಿ ತೋರಿಸಿದ್ದು ಮೋನೆಯ 1872ರ ಸೂರ್ಯೋದಯದ ಚಿತ್ರವನ್ನು. ಅಲ್ಲಿ ಕಿತ್ತಳೆ ಸೂರ್ಯ ಸುತ್ತಲಿನ ಮಂಜಿನಷ್ಟೇ ಪ್ರಖರ, ಬಣ್ಣ ತೆಗೆದರೆ ಸೂರ್ಯನೇ ಮಾಯ! ವಸ್ತು ಯಾವುದು ಎಂದು ಗುರುತಿಸುವ ಕೆಲಸ ಮಿದುಳಿನ ಒಂದು ಭಾಗದ್ದು; ಅದಕ್ಕೆ ಬಣ್ಣ ಗೊತ್ತು. ಅದು ಎಲ್ಲಿದೆ, ಅಲುಗುತ್ತಿದೆಯೇ ಎಂದು ನೋಡುವ ಕೆಲಸ ಇನ್ನೊಂದರದ್ದು. ಅದು ಬಣ್ಣಗುರುಡು, ಬೆಳಕು-ಕತ್ತಲೆ ಮಾತ್ರ ಬಲ್ಲದು. ಮೊದಲನೆಯದು ‘ಇಲ್ಲಿ ಹೂವಿದೆ’ ಎನ್ನುತ್ತದೆ, ಎರಡನೆಯದು ‘ನನಗೇನೂ ಕಾಣಿಸುತ್ತಿಲ್ಲವಲ್ಲ’ ಎನ್ನುತ್ತದೆ. ಈ ಜಗಳ ತೀರುವುದೇ ಇಲ್ಲ, ಹಾಗಾಗಿ ಹೂವು ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಬೀಸುತ್ತಿರುವುದು ನಮ್ಮ ತಲೆಯೊಳಗೆ!

ಇನ್ನೂ ಇದೆ. ಪ್ಯಾರಿಸಿನಲ್ಲಿ ಗೋಬ್ಲಾಂ ಎಂಬ ಚಿತ್ರನೇಯ್ಗೆಯ ಕಾರ್ಖಾನೆ. ಅಲ್ಲಿನ ಬಣ್ಣದ ವಿಭಾಗಕ್ಕೆ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥ. ಕಪ್ಪು ನೂಲಿಗೆ ಕಸುವೇ ಇಲ್ಲ, ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದು ಅವನ ಬಳಿ ದೂರು ಬಂತು. ಅವನು ಪರೀಕ್ಷಿಸಿದ. ಬಣ್ಣದಲ್ಲಿ ದೋಷವಿರಲಿಲ್ಲ, ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳೇ ಅದನ್ನು ಮಂಕು ಮಾಡುತ್ತಿದ್ದವು. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಬಣ್ಣ ಬದಲಾಗುತ್ತದೆ! 1839ರಲ್ಲಿ ಅವನು ಇದನ್ನೇ ದೊಡ್ಡ ಪುಸ್ತಕವಾಗಿ ಬರೆದ. ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಉರಿಯುತ್ತವೆ, ನೀಲಿಯ ಪಕ್ಕ ಕಿತ್ತಳೆ ಇಟ್ಟರೂ ಅದೇ ಕಥೆ. (ಆಸಾಮಿ ಬದುಕಿದ್ದು 102 ವರ್ಷ. ಮೋನೆ ಪಾಪಿ ಹೂಗಳನ್ನು ಬರೆಯುವಾಗಲೂ ಇದ್ದ.)

ಕೈಯಾರೆ ಮಾಡಿ ನೋಡಿದರೆ ರೋಮಾಂಚನವೇ ಬೇರೆ. ಪ್ಯಾಲೆಟ್ ಮೇಲೆ ಒಂದು ಗುಳಿಗೆಯಷ್ಟು ವರ್ಮಿಲಿಯನ್ ಕೆಂಪು, ಅಷ್ಟೇ ವಿರಿಡಿಯನ್ ಹಸಿರು ಹಿಂಡಿ. ಚೂರಿಯಿಂದ ಎರಡನ್ನೂ ಕಲಸಿದರೆ ಸಿಗುವುದು ಕೆಸರು ಬಣ್ಣ. ಅವೇ ಎರಡು ಬಣ್ಣಗಳನ್ನು ಕಲಸದೆ ಕ್ಯಾನ್ವಾಸಿನ ಮೇಲೆ ಅಕ್ಕಪಕ್ಕ ಇಡಿ. ಕುಂಚವನ್ನು ಉಜ್ಜಬಾರದು, ಒತ್ತಿ ಎತ್ತಿಬಿಡಬೇಕು, ಬಣ್ಣದ ಏಣು ಹಾಗೇ ಉಳಿಯಬೇಕು. ಎದ್ದು ಹೋಗಿ ಕೋಣೆಯ ಆ ಮೂಲೆಯಿಂದ ನೋಡಿ. ಮಿನುಗುತ್ತದೆ!

ಈ ಬಣ್ಣಗಳಾದರೂ ಎಲ್ಲಿದ್ದವು? ವಿರಿಡಿಯನ್ ತಯಾರಿಸುವ ಹೊಸ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1859ರಲ್ಲಿ. ಕೋಬಾಲ್ಟ್ ನೀಲಿ, ಕ್ಯಾಡ್ಮಿಯಂ ಹಳದಿ ಎಲ್ಲವೂ ಅದೇ ಶತಮಾನದ ರಸಾಯನಶಾಲೆಯ ಕೂಸುಗಳು. ಟ್ಯೂಬು ಬರುವ ಮೊದಲು ಕಲೆಗಾರ ಬಣ್ಣವನ್ನು ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದ. ಮೊಳೆಯಿಂದ ತೂತು ಮಾಡಿ ಹಿಂಡಬೇಕು, ಮತ್ತೆ ಮುಚ್ಚುವುದು ದೇವರಿಗೇ ಪ್ರೀತಿ. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ಹಿಂಡಿದರೆ ಮಡಚಿಕೊಳ್ಳುವ ತವರದ ಟ್ಯೂಬ್ ಕಂಡುಹಿಡಿದ. ಅಷ್ಟೇ ಸಾಕಾಯಿತು! ಟ್ಯೂಬುಗಳನ್ನು ಪೆಟ್ಟಿಗೆಗೆ ತುಂಬಿ, ಪ್ಯಾರಿಸಿನಲ್ಲಿ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ಅರ್ಜಾಂತೊಯ್. ಇಳಿದು ನಡೆದರೆ ಹೂಗದ್ದೆ.

ಒಂದು ಸಂಗತಿಗೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ ಎಂದು ಆ ಕಾಲದ ಫ್ರೆಂಚ್ ತಯಾರಕರು ಬಿಳಿ ಮತ್ತು ತಿಳಿ ಬಣ್ಣಗಳಿಗೆ ಬಳಸುತ್ತಿದ್ದದ್ದು ಗಸಗಸೆ ಎಣ್ಣೆ! ನಾವು ಪಾಯಸ ಮಾಡುವ ಅದೇ ಗಸಗಸೆ. ಗದ್ದೆಯ ಕೆಂಪು ಪಾಪಿ ಅದರ ಹತ್ತಿರದ ನೆಂಟ. ಈ ಎಣ್ಣೆ ನಿಧಾನವಾಗಿ ಗಟ್ಟಿಯಾಗುತ್ತದೆ, ಮಾರನೆಯ ದಿನವೂ ಬಣ್ಣ ಹಸಿಯಾಗಿಯೇ ಇದ್ದು ಕುಂಚಕ್ಕೆ ಒಗ್ಗುತ್ತದೆ.

ಇನ್ನು ನೆರಳು. ಮೊದಲಿನವರು ನೆರಳಿಗೆ ಕಂದು ಬಳಿಯುತ್ತಿದ್ದರು. ಮೋನೆ ಮತ್ತು ಅವನ ಜೊತೆಗಾರರು ನೀಲಿ, ನೇರಳೆ ಬಳಿದರು. ಹ್ಯೂಯಿಸ್ಮಾನ್ಸ್ ಎಂಬ ಬರಹಗಾರ ಇದು ನೀಲಿಯ ಹುಚ್ಚು ಎಂದು ಆಡಿಕೊಂಡ. ಹುಚ್ಚಲ್ಲ ಸ್ವಾಮಿ, ಭೌತಶಾಸ್ತ್ರ! ಬಿಸಿಲು ಬೀಳದ ಜಾಗಕ್ಕೂ ಆಕಾಶದ ಬೆಳಕು ಬೀಳುತ್ತದೆ, ಆಕಾಶ ನೀಲಿ. ಮೋಡವಿಲ್ಲದ ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ನೆರಳನ್ನು ಕಣ್ಣು ಕಿರಿದು ಮಾಡಿ ನೋಡಿ. ಒಮ್ಮೆ ಕಂಡ ನೀಲಿ ಮತ್ತೆ ಕಾಣದೆ ಇರುವುದಿಲ್ಲ.

ಆದರೆ ಸೂರ್ಯ ಕಾಯುತ್ತಾನೆಯೇ? 1866ರ ಬೇಸಿಗೆಯಲ್ಲಿ ಮೋನೆ ತೋಟದಲ್ಲಿನ ಹೆಂಗಸರನ್ನು ಬರೆಯಲು ಎರಡೂವರೆ ಮೀಟರ್ ಎತ್ತರದ ಕ್ಯಾನ್ವಾಸ್ ಹೂಡಿದ. ಮೇಲಿನ ಭಾಗ ಕೈಗೆ ಎಟುಕುತ್ತಿರಲಿಲ್ಲ. ಏಣಿ ಹತ್ತಬಹುದಿತ್ತು, ಹತ್ತಿದರೆ ನೋಟದ ಕೋನ ಬದಲಾಗುತ್ತದಲ್ಲ! ನೆಲದಲ್ಲಿ ಕಂದಕ ತೋಡಿಸಿ, ರಾಟೆ ಕಟ್ಟಿ, ಕ್ಯಾನ್ವಾಸನ್ನೇ ಕೆಳಗಿಳಿಸಿದ. ಮೋಡ ಕವಿದರೆ ಕುಂಚ ಕೆಳಗಿಟ್ಟು ಕೂರುತ್ತಿದ್ದ. ನೋಡಲು ಬಂದ ಚಿತ್ರಕಾರ ಕೂರ್ಬೆ, ಅಲ್ಲಿಯವರೆಗೆ ಹಿನ್ನೆಲೆಯನ್ನಾದರೂ ಬರೆಯಬಾರದೇ ಎಂದನಂತೆ. ಮೋನೆ ಒಂದು ಎಲೆಯನ್ನೂ ಬರೆಯಲಿಲ್ಲ.

1891ರಲ್ಲಿ ಎಪ್ಟ್ ನದಿಯ ದಂಡೆಯ ಪೋಪ್ಲರ್ ಮರಗಳ ಸರಣಿ ಇನ್ನೂ ನಡೆಯುತ್ತಿತ್ತು, ಅಷ್ಟರಲ್ಲಿ ಊರಿನವರು ಮರಗಳನ್ನು ಹರಾಜಿಗೆ ಹಾಕಿದರು. ಮೋನೆ ಮರದ ವ್ಯಾಪಾರಿಗೆ ದುಡ್ಡು ಕೊಟ್ಟು, ಚಿತ್ರ ಮುಗಿಯುವವರೆಗೆ ಕಡಿಯಬೇಡ ಎಂದು ಒಪ್ಪಿಸಿದ! ದೋಣಿಯಲ್ಲಿ ಕ್ಯಾನ್ವಾಸುಗಳ ಸಾಲು. ಬೆಳಕು ಬದಲಾದ ಹಾಗೆ ಒಂದನ್ನಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದು. ಒಂದು ಚಿತ್ರದ ಬೆಳಕಿಗಂತೂ ಏಳೇ ನಿಮಿಷ ಆಯುಷ್ಯ, ಒಂದು ನಿರ್ದಿಷ್ಟ ಎಲೆಯಿಂದ ಬಿಸಿಲು ಜಾರುವ ತನಕ ಮಾತ್ರ ಎಂದು ನೆರೆಯಲ್ಲಿದ್ದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರ‍್ರಿ ನೆನಪಿಸಿಕೊಂಡಿದ್ದಾರೆ. ಏಳು ನಿಮಿಷ!

ಬಯಲಲ್ಲಿ ಕೂತು ಬರೆದದ್ದಕ್ಕೆ ಸಾಕ್ಷಿಯೂ ಬಣ್ಣದಲ್ಲೇ ಅಂಟಿಕೊಂಡಿದೆ. 1870ರ ಟ್ರೂವಿಲ್ ಕಡಲತೀರದ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ನಿಜವಾದ ಮರಳು, ಚಿಪ್ಪಿನ ಚೂರು! ಮುಂದಿನ ಪೀಳಿಗೆಯ ವ್ಯಾನ್ ಗೋ 1889ರಲ್ಲಿ ಬರೆದ ಆಲಿವ್ ಮರಗಳಲ್ಲಿ ಒಂದು ಮಿಡತೆಯೇ ಸಿಕ್ಕಿಕೊಂಡಿತ್ತು. ಅಮೆರಿಕದ ಕ್ಯಾನ್ಸಾಸ್ ಸಿಟಿಯ ಮ್ಯೂಸಿಯಂನವರ ಕಣ್ಣಿಗೆ ಅದು ಬಿದ್ದಿದ್ದು 2017ರಲ್ಲಿ.

ಕೆಂಪು-ಹಸಿರಿನ ಈ ಜಗಳ ನೋಡಲು ಫ್ರಾನ್ಸಿಗೇ ಹೋಗಬೇಕಿಲ್ಲ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳ ಎದುರೇ ಕೂತು ಬರೆದವರು. ರಾಜಾಜಿನಗರದ ರುಮಾಲೆ ಆರ್ಟ್ ಹೌಸ್‌ನಲ್ಲಿ ಅವರ ಚಿತ್ರಗಳಿವೆ. ಅಂಥ ಮರದ ಎದುರು ನೀವೂ ಕೂರುವಿರಾದರೆ ಒಂದು ಮಾತು. ಪ್ಯಾರಿಸ್ 49 ಡಿಗ್ರಿ ಅಕ್ಷಾಂಶದಲ್ಲಿದೆ, ಅಲ್ಲಿ ಬೇಸಿಗೆಯ ಸೂರ್ಯ ಓರೆಯಾಗಿ, ಸಾವಕಾಶವಾಗಿ ಏರುತ್ತಾನೆ. 13 ಡಿಗ್ರಿಯ ಬೆಂಗಳೂರಿನಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಏರಿಬಿಡುತ್ತಾನೆ. ಉದ್ದ ನೆರಳಿನ ಹೊಂಬಿಸಿಲು ನಮಗೆ ಸಿಗುವುದು ಅವರಿಗಿಂತ ಕಡಿಮೆ ಹೊತ್ತು. ಹಾಗಾಗಿ ಗುಲ್‌ಮೊಹರ್ ಬರೆಯುವವರು ಜಾಗವನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ, ಸೂರ್ಯ ಹುಟ್ಟುವ ಮುಂಚೆ ಬಣ್ಣ ಹಿಂಡಿಟ್ಟುಕೊಳ್ಳಿ. ಮೊದಲು ನೆರಳಿನ ನೀಲಿ ಹಾಕಿಬಿಡಿ, ಓಡಿಹೋಗುವುದು ಅದೇ. ಕೆಂಪನ್ನು ಕೊನೆಗೆ ಇಟ್ಟರೂ ನಡೆಯುತ್ತದೆ.