ಐವತ್ತು ದಾಟಿದ ಮೇಲೆ ಕುದುರೆ ಏರಿದ್ದು

ಬೋರ್ಡೋ ದ್ರಾವಣದ ಅಳತೆ, ಗೊಬ್ಬರದ ದಾಸ್ತಾನು, ಅಡಕೆ ಧಾರಣೆ ಇವುಗಳ ನಡುವೆ ಕುದುರೆಯ ಮಾತು ಕಂಡು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಕಾರ್ಯದರ್ಶಿಗಳು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುವುದೇಕೆ ಎಂಬ ಪ್ರಶ್ನೆ ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಎದ್ದಿತ್ತು. "ರೇಸ್ ಕೋರ್ಸಿಗೆ ಹೋಗ್ತಾರಂತೆ ಮಾರಾಯ್ರೇ, ಸಂಘದ ಠೇವಣಿ ಜೋಪಾನ" ಎಂದು ಹಿರಿಯ ಸದಸ್ಯರೊಬ್ಬರು ನಗೆಯಾಡಿದ್ದು ನಮ್ಮ ಕಿವಿಗೂ ಬಿತ್ತು. ರೇಸಿಗಲ್ಲ, ಸಂಘದ ಖರ್ಚಿನಲ್ಲೂ ಅಲ್ಲ. ಮಗಳ ಮನೆಯಲ್ಲಿ ಉಳಿದುಕೊಂಡು ನಗರದ ಹೊರಗಿನ ಒಂದು ಶಾಲೆಯಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದೇವೆ. ಸುದ್ದಿ ಬಾಯಿಂದ ಬಾಯಿಗೆ ಬೆಳೆಯುವುದಕ್ಕಿಂತ ನಾವೇ ಬರೆದು ಒಪ್ಪಿಸುವುದು ಲೇಸೆಂದು ಈ ಲೇಖನ.

ಕಲಿಯುತ್ತಿದ್ದೇವೆ ಎಂದೆವು. ನಿಜವಾಗಿ ಹೇಳುವುದಾದರೆ ಬಿಟ್ಟದ್ದನ್ನು ಮತ್ತೆ ಹಿಡಿದಿದ್ದೇವೆ.

ನಮ್ಮ ತಂದೆಯವರ ಬಳಿ ಒಂದು ಹೆಣ್ಣು ಕುದುರೆಯಿತ್ತು. ಬಯಲುಸೀಮೆಯ ಜಾತ್ರೆಯಿಂದ ತಂದದ್ದು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು, ಹೆಸರು ಗೌರಿ. ಜೀಪು ಕೊಳ್ಳುವ ಶಕ್ತಿ ಆಗ ನಮಗಿರಲಿಲ್ಲ. ಮೇಲಿನ ಕಾಫಿ ತೋಟಕ್ಕೂ ಕೆಳಗಿನ ಅಡಕೆ ತೋಟಕ್ಕೂ ನಡುವೆ ಎರಡು ಮೈಲಿ ಏರು ದಾರಿ. ತಂದೆಯವರು ಬೆಳಗ್ಗೆ ಗಂಜಿ ಉಂಡು ಗೌರಿಯನ್ನೇರಿ ಹೊರಟರೆ ಆಳುಗಳ ಹಾಜರಿ ಮುಗಿಸಿ, ಹಳ್ಳ ದಾಟಿ, ಅಂಚೆ ಹಿಡಿದುಕೊಂಡು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದರು. ಊರಿನವರು ಅದನ್ನು ದೊಡ್ಡಸ್ತಿಕೆ ಎಂದುಕೊಂಡಿದ್ದರು. ಅದು ದೊಡ್ಡಸ್ತಿಕೆಯಲ್ಲ, ಕಾಲು ಉಳಿಸುವ ಉಪಾಯ.

೧೯೮೧ರ ಬೇಸಿಗೆಯಲ್ಲಿ, ನಮಗೆ ಹನ್ನೊಂದು ವರ್ಷ, ತಂದೆಯವರು ಪೇಟೆಗೆ ಹೋಗಿದ್ದಾಗ ಯಾರಿಗೂ ಹೇಳದೆ ಗೌರಿಗೆ ಜೀನು ಬಿಗಿದು ಹತ್ತಿದೆವು. ಕಣದವರೆಗೆ ಸುಮ್ಮನೆ ನಡೆಯಿತು. ಅಲ್ಲಿಂದ ಮುಂದೆ ಓಡಲಿ ಎಂದು ನಮಗೆ ಹಂಬಲ. ಅದು ಓಡಲಿಲ್ಲ. ಮುಂದೆ ನಡೆದದ್ದನ್ನು ಮನೆಯಲ್ಲಿ ಹೇಳಿದ್ದು ಹೀಗೆ: ಕುದುರೆ ಇದ್ದಕ್ಕಿದ್ದಂತೆ ಹುಚ್ಚು ಹಿಡಿದಂತೆ ಕಿತ್ತುಕೊಂಡು ಓಡಿತು, ಸಿಲ್ವರ್ ಓಕ್ ಮರದ ಹತ್ತಿರ ನಮ್ಮನ್ನು ಕೆಡವಿತು. ನಮ್ಮ ಬಲಗೈ ಮುರಿದಿತ್ತು. ಗೌರಿ ಕಲ್ಲು ಚರಂಡಿಗೆ ಬಿದ್ದು ಮುಂಗಾಲು ತರಚಿಕೊಂಡಿತ್ತು. ಕೈಗೆ ಕಟ್ಟು ಹಾಕಿಸಿಕೊಂಡು ಬರುವಷ್ಟರಲ್ಲಿ ಅಮ್ಮ ತೀರ್ಮಾನ ಮಾಡಿಯಾಗಿತ್ತು. ಹದಿನೈದು ದಿನದೊಳಗೆ ಗೌರಿಯನ್ನು ಅರಸೀಕೆರೆ ಕಡೆಯ ಜಟಕಾದವರೊಬ್ಬರಿಗೆ ಕೊಟ್ಟರು. ತಲೆತಿರುಕ ಕುದುರೆ ಎಂಬ ಹೆಸರು ಹೊತ್ತು ಅದು ಹೋಯಿತು. ತಂದೆಯವರು ಆಮೇಲೆ ಆರು ವರ್ಷ ನಡೆದೇ ತೋಟ ಸುತ್ತಿದರು.

ಅಂದಿನಿಂದ ನಮಗೆ ಕುದುರೆ ಕಂಡರೆ ಆಗದು. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ಇದೆಯಲ್ಲ, ನಮ್ಮದು ಅದಕ್ಕೆ ತಿರುವುಮುರುವು. ಕುದುರೆ ಕಂಡರೆ ನಮಗೆ ಎಷ್ಟು ದೂರ ಬೇಕಾದರೂ ನಡೆಯುವ ಹುರುಪು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ಬಂದರೆ ಗೆಳೆಯರು ಮುಂದಕ್ಕೆ ನುಗ್ಗುತ್ತಿದ್ದರು, ನಾವು ಹಿಂದಿನ ಸಾಲಿಗೆ ಸರಿಯುತ್ತಿದ್ದೆವು.

ಎರಡು ವರ್ಷದ ಹಿಂದೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಜೀನು ಸಿಕ್ಕಿತು. ಮಗಳು ಅದನ್ನು ಕಂಡು ಎಲ್ಲ ಕೇಳಿದಳು, ಬೆಂಗಳೂರಿಗೆ ಹೋದವಳೇ ನಮ್ಮ ಹೆಸರಿನಲ್ಲಿ ಹತ್ತು ಪಾಠಗಳಿಗೆ ಹಣ ಕಟ್ಟಿದಳು. ಕಟ್ಟಿದ ಹಣ ವಾಪಸು ಬರುವುದಿಲ್ಲ ಎಂದು ತಿಳಿದ ಮೇಲೆ ಹೋಗದೆ ವಿಧಿಯಿರಲಿಲ್ಲ. ಬೆಳೆಗಾರರ ಸ್ವಭಾವ ಬಲ್ಲ ಮಗಳು.

ಶಾಲೆಯಲ್ಲಿ ಕಲಿಸುವವರು ಇಪ್ಪತ್ತನಾಲ್ಕು ವರ್ಷದ ಹುಡುಗಿ. ಸಂಘದಲ್ಲಿ ನಮ್ಮ ಮಾತಿಗೆ ಗುಮಾಸ್ತರು ಎದ್ದು ನಿಲ್ಲುತ್ತಾರೆ. ಅಲ್ಲಿ "ಅಂಕಲ್, ಹಿಮ್ಮಡಿ ಕೆಳಗೆ, ಅಂಕಲ್, ನೋಟ ಮುಂದೆ" ಎಂಬ ಆಜ್ಞೆಗೆ ನಾವು ತಲೆಬಾಗಬೇಕು. ಮೊದಲ ಎರಡು ಪಾಠ ಹತ್ತಿಸಲೇ ಇಲ್ಲ. ಕುದುರೆಗೆ ಬ್ರಷ್ ಹಾಕಿ ಮಾಲೀಸು ಮಾಡುವುದು, ಗೊರಸು ಎತ್ತಿ ಮಣ್ಣು ಕೆದಕುವುದು, ಹಗ್ಗ ಹಿಡಿದು ಪಕ್ಕದಲ್ಲಿ ನಡೆಸುವುದು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಅದಕ್ಕೆ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕಾಣದಿರುವುದು ನೇರ ಬೆನ್ನ ಹಿಂದೆ ಮತ್ತು ಹಣೆಯ ಎದುರಿಗೇ ಇರುವ ಸ್ವಲ್ಪ ಜಾಗ. ಆದ್ದರಿಂದ ಹೆಗಲ ಕಡೆಯಿಂದ, ಮಾತಾಡಿಸುತ್ತ ಹತ್ತಿರ ಹೋಗಬೇಕು. ಎಡಗಡೆಯಿಂದಲೇ ಹತ್ತುವ ರೂಢಿ, ಎಡ ಸೊಂಟಕ್ಕೆ ಕತ್ತಿ ಕಟ್ಟುತ್ತಿದ್ದ ಕಾಲದಿಂದ ಬಂದದ್ದಂತೆ. ನಮ್ಮ ಸೊಂಟದಲ್ಲಿ ಕತ್ತಿ ಇರಲಿಲ್ಲ, ನೋವಿತ್ತು. ಮರದ ಮೆಟ್ಟಿಲು ಇಟ್ಟು ಹತ್ತಿಸಿದರು.

ಮೂರನೆಯ ಪಾಠದಲ್ಲಿ ಉದ್ದ ಹಗ್ಗಕ್ಕೆ ಕುದುರೆಯನ್ನು ಕಟ್ಟಿ, ಆ ಹುಡುಗಿ ನಡುವೆ ನಿಂತು, ನಮ್ಮನ್ನು ಸುತ್ತ ತಿರುಗಿಸತೊಡಗಿದರು. ಕುದುರೆ ಹದಿನೆಂಟು ವರ್ಷದ ಮುದಿ ಗಂಡು, ಸಾವಿರ ಜನಕ್ಕೆ ಕಲಿಸಿದ ಸಾಧು. ನಾವು ಕೂತ ಕೂಡಲೇ ಅದು ಕಿವಿ ಹಿಂದಕ್ಕೆ ಮಾಡಿ ಬಿಗಿಯಾಯಿತು. ಕುದುರೆ ನೋಡಿಕೊಳ್ಳುವವರು ಬಿಜಾಪುರದ ಕಡೆಯ ಹಿರಿಯರು, ಅವರು ಬೇಲಿಯ ಹತ್ತಿರದಿಂದ ಹೇಳಿದರು: "ಉಸಿರು ಬಿಡ್ರಿ ಸಾಹೇಬ್ರ. ನೀವು ಹಿಡದ್ರ ಅದೂ ಹಿಡಿತೈತಿ."

ನಾವು ಉಸಿರು ಹಿಡಿದಿದ್ದೆವೆಂಬುದು ನಮಗೇ ಗೊತ್ತಿರಲಿಲ್ಲ. ಬಿಟ್ಟೆವು. ಕುದುರೆಯೂ ಮೂಗಿನಿಂದ ಉದ್ದವಾಗಿ ಒಂದು ಉಸಿರು ಬಿಟ್ಟು ತಲೆ ತಗ್ಗಿಸಿತು.

ಇದು ಹಳ್ಳಿಯ ಅನುಭವದ ಮಾತಷ್ಟೇ ಅಲ್ಲ. ಸ್ವೀಡನ್ನಿನ ಸಂಶೋಧಕರು ೨೦೦೯ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಆಮೇಲೆ ಓದಿದೆವು. ಜನರಿಂದ ಕುದುರೆಯನ್ನು ಒಂದು ಜಾಗದಿಂದ ಇನ್ನೊಂದಕ್ಕೆ ನಾಲ್ಕು ಸಲ ನಡೆಸಿದರು, ಕೆಲವರಿಂದ ಸವಾರಿಯಲ್ಲೇ ಕರೆದೊಯ್ಯಿಸಿದರು. ನಾಲ್ಕನೆಯ ಸಲ ಕುದುರೆ ಹಾಯುವಾಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಮೊದಲೇ ತಿಳಿಸಿದರು. ಬಿಚ್ಚಲೇ ಇಲ್ಲ. ಆದರೂ ಆ ಸಲ ಮನುಷ್ಯರ ಎದೆಬಡಿತ ಏರಿತು, ಕೊಡೆಯ ವಿಷಯವೇ ಗೊತ್ತಿಲ್ಲದ ಕುದುರೆಗಳ ಎದೆಬಡಿತವೂ ಏರಿತು. ಆಡಳಿತ ಮಂಡಳಿಯ ಸಭೆಯಲ್ಲಿ ಮುಖ ಗಂಭೀರ ಮಾಡಿಕೊಂಡು ಭಯ ಮುಚ್ಚಿಡುವ ವಿದ್ಯೆ ನಮಗೆ ಚೆನ್ನಾಗಿ ಬರುತ್ತದೆ. ಕುದುರೆಯ ಬೆನ್ನ ಮೇಲೆ ಅದು ನಡೆಯುವುದಿಲ್ಲ.

ವಯಸ್ಸಾದ ಮೇಲೆ ಕಲಿಯುವವರಿಗೆ ಮೂಳೆಯ ಬಿಗಿತಕ್ಕಿಂತ ಇದೇ ದೊಡ್ಡ ತೊಡಕು. ಮಕ್ಕಳು ಬೀಳುವ ಯೋಚನೆ ಮಾಡುವುದಿಲ್ಲ. ನಾವು ಹತ್ತುವ ಮೊದಲೇ ಆಸ್ಪತ್ರೆ, ಕೊಯ್ಲು, ಸಾಲದ ಕಂತು ಎಲ್ಲ ಎಣಿಸಿರುತ್ತೇವೆ. ಹೆದರಿದ ಮೈ ಮುಂದಕ್ಕೆ ಬಾಗುತ್ತದೆ, ಮೊಣಕಾಲು ಅವುಚುತ್ತದೆ, ಕೈ ಲಗಾಮು ಜಗ್ಗುತ್ತದೆ. ಮೂರೂ ತಪ್ಪು. ಬೆನ್ನು ನೆಟ್ಟಗಿರಬೇಕು, ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿರಬೇಕು, ಹಿಮ್ಮಡಿ ತಗ್ಗಿರಬೇಕು, ಕೈ ಮೃದುವಾಗಿರಬೇಕು.

ಕೈ ಏಕೆ ಮೃದುವಾಗಿರಬೇಕು ಎಂದು ಒಂದು ದಿನ ಆ ಹುಡುಗಿ ಕುದುರೆಯ ಬಾಯಿ ತೆರೆದು ತೋರಿಸಿದರು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಬರಿಯ ವಸಡು ಇದೆ. ಕಡಿವಾಣದ ಕಬ್ಬಿಣ ಕೂರುವುದು ಅಲ್ಲಿ. "ಜಗ್ಗಿದರೆ ನೋಯುತ್ತೆ ಅಂಕಲ್. ಹಿಮ್ಮಡಿಯಿಂದ ಹೋಗು ಅಂತ ಒದ್ದು, ಕೈಯಿಂದ ನಿಲ್ಲು ಅಂತ ಜಗ್ಗಿದರೆ ಅದು ಏನು ಮಾಡಬೇಕು ಹೇಳಿ? ಎಂಥ ಒಳ್ಳೆ ಕುದುರೆಯಾದರೂ ತಪ್ಪಿಸಿಕೊಂಡು ಓಡುತ್ತೆ."

ಆ ದಿನ ನಮಗೆ ಪಾಠ ಮುಂದುವರಿಸಲು ಆಗಲಿಲ್ಲ, ತಲೆನೋವೆಂದು ಹೇಳಿ ಬಂದೆವು. ೧೯೮೧ರಲ್ಲಿ ಕಣದ ಹತ್ತಿರ ನಡೆದದ್ದು ಇದೇ. ಗೌರಿ ಓಡಲಿಲ್ಲವೆಂದು ಕಾಫಿ ಗಿಡದಿಂದ ಚಿಗುರು ಬರಲೊಂದನ್ನು ಮುರಿದು ಅದರ ಪಕ್ಕೆಗೆ ನಾಲ್ಕೈದು ಬಾರಿ ಬಾರಿಸಿದ್ದೆವು. ಅದು ಎಗರಿದಾಗ ಹೆದರಿ ಎರಡು ಕೈಯಲ್ಲೂ ಲಗಾಮು ಜಗ್ಗಿ ಹಿಡಿದು, ಬೀಳದಂತೆ ಹಿಮ್ಮಡಿ ಒತ್ತಿದ್ದೆವು. ಬರಲಿನ ವಿಷಯವನ್ನು ನಲವತ್ತು ವರ್ಷಕ್ಕೂ ಮೇಲೆ ಯಾರಿಗೂ ಹೇಳಿರಲಿಲ್ಲ. ಹೇಳದೇ ಹೇಳದೇ ನಾವೂ ಕುದುರೆಯದೇ ತಪ್ಪೆಂದು ನಂಬಿಕೊಂಡಿದ್ದೆವು.

ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಟ್ರಾಟ್ ಎಂಬ ನಡೆ ಕಲಿಯಲು ಮೂರು ತಿಂಗಳು ಹಿಡಿಯಿತು. ಕುದುರೆ ಆಗ ಒಂದು ಮುಂಗಾಲನ್ನೂ ಎದುರು ಪಕ್ಕದ ಹಿಂಗಾಲನ್ನೂ ಜೊತೆಯಾಗಿ ಎತ್ತಿ ಎರಡು ತಾಳದಲ್ಲಿ ಕುಕ್ಕುತ್ತದೆ; ಒಂದು ತಾಳಕ್ಕೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ತಾಳ ತಪ್ಪಿದರೆ ಜೀನು ಮೇಲೆ ಬರುವಾಗ ನಾವು ಕೆಳಗೆ ಬರುತ್ತೇವೆ. ಆ ವಾರಗಳಲ್ಲಿ ಕಚೇರಿಯ ಕುರ್ಚಿಗೆ ದಿಂಬು ಬಂದದ್ದನ್ನು ಕೆಲವರು ಗಮನಿಸಿದ್ದರು. ಐದನೆಯ ತಿಂಗಳಲ್ಲಿ ಬಿದ್ದೆವು ಕೂಡ. ಪಕ್ಕದ ಕಟ್ಟಡದ ನೀಲಿ ತಾಡಪಾಲು ಗಾಳಿಗೆ ಪಟಪಟ ಅಂದದ್ದೇ ತಡ, ಕುದುರೆ ಅಡ್ಡ ಜಿಗಿಯಿತು, ನಾವು ಮರಳಿನ ಮೇಲೆ. ತಲೆಗೆ ಹೆಲ್ಮೆಟ್ಟಿತ್ತು, ಭುಜ ಕಪ್ಪಾಯಿತು. ಎದ್ದು ನೋಡಿದರೆ ಕುದುರೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ನೀರು ಕುಡಿದು ಮತ್ತೆ ಹತ್ತಿದೆವು. ಮನೆಯವರಿಗೆ ಇದನ್ನು ತಿಳಿಸಿರಲಿಲ್ಲ. ಈ ಸಂಚಿಕೆ ಬಂದ ಮೇಲೆ ತಿಳಿಯುತ್ತದೆ.

ನಮಗಿಂತ ಕಷ್ಟದಲ್ಲಿ ಮರಳಿ ಏರಿದವರಿದ್ದಾರೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ ೧೯೪೪ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೋ ಬಡಿಯಿತು. ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಕಾಲಿನ ಸಂಜ್ಞೆಯೇ ಇಲ್ಲದೆ ಆಕೆ ತೊಡೆ, ಬೆನ್ನುಗಳ ಭಾರದಿಂದಲೇ ಕುದುರೆಗೆ ಮಾತು ತಿಳಿಸಲು ಕಲಿತರು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಕುದುರೆಯನ್ನು ಸಂಜ್ಞೆಯಿಂದ ಕ್ರಮವಾಗಿ ನಡೆಸುವ ಡ್ರೆಸಾಜ್ ಸ್ಪರ್ಧೆಯಲ್ಲಿ, ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಪದಕ ಗೆದ್ದರು; ೧೯೫೬ರಲ್ಲಿ ಮತ್ತೆ ಬೆಳ್ಳಿ. ಕುದುರೆ ಹತ್ತಲು ಇಳಿಯಲು ಆಕೆಗೆ ಬೇರೆಯವರ ಕೈ ಬೇಕಿತ್ತು. ಜಪಾನಿನ ಹಿರೋಶಿ ಹೊಕೆತ್ಸು ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸವಾರರಾಗಿದ್ದವರು. ಔಷಧ ಕಂಪನಿಯಲ್ಲಿ ದುಡಿದು ನಿವೃತ್ತರಾಗಿ ೨೦೦೮ರಲ್ಲಿ ಮತ್ತೆ ಒಲಿಂಪಿಕ್ಸಿಗೆ ಹೋದರು, ೨೦೧೨ರಲ್ಲಿ ಲಂಡನ್ನಿಗೂ ಹೋದರು. ಆಗ ಅವರಿಗೆ ೭೧.

ಈಗ ಬೆಳೆಗಾರರು ಕೇಳುವ ಪ್ರಶ್ನೆ: ಖರ್ಚೆಷ್ಟು? ಮುಕ್ಕಾಲು ಗಂಟೆಯ ಒಂದು ಪಾಠಕ್ಕೆ ತೋಟದಲ್ಲಿ ಇಬ್ಬರು ಆಳುಗಳ ದಿನಗೂಲಿಯಷ್ಟು ಎಂದುಕೊಳ್ಳಿ. ಕಲಿಯಿರಿ ಎನ್ನುತ್ತೇವೆ, ಕೊಳ್ಳಿರಿ ಎನ್ನುವುದಿಲ್ಲ. ೪೦೦ ಕಿಲೋ ತೂಕದ ಕುದುರೆಗೆ ದಿನಕ್ಕೆ ೮ ಕಿಲೋದಷ್ಟು ಒಣಮೇವು, ೨೫ರಿಂದ ೪೦ ಲೀಟರ್ ನೀರು ಬೇಕು. ದನದಂತೆ ಅದು ಮೆಲುಕು ಹಾಕುವ ಪ್ರಾಣಿಯಲ್ಲ. ಹೊಟ್ಟೆ ಚಿಕ್ಕದು, ವಾಂತಿ ಮಾಡಲಾರದು, ಆದ್ದರಿಂದ ಹುರುಳಿ ಒಂದೇ ಸಲ ಸುರಿದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಕುತ್ತು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ನಮ್ಮ ಕಡೆ ಲಾಳ ಕಟ್ಟುವವರನ್ನು ಹುಡುಕುವುದೇ ಕಷ್ಟ. ಮೇಲಾಗಿ ನಮ್ಮ ಮಳೆ. ಅಡಕೆಗೆ ಕೊಳೆ ಬರುವ ಹೊತ್ತಿಗೆ ಒದ್ದೆ ನೆಲದಲ್ಲಿ ನಿಂತ ಕುದುರೆಯ ಗೊರಸಿನ ಅಡಿಯೂ ಕೊಳೆತು ನಾರುತ್ತದೆ. ಅದಕ್ಕೂ ಹಳಬರು ಹಚ್ಚುತ್ತಿದ್ದದ್ದು ಮೈಲುತುತ್ತದ ನೀರೇ ಎಂದು ತಿಳಿದಾಗ ನಮಗೆ ನಗು ಬಂತು. ಇನ್ನೊಂದು ಮಾತು: ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದೆಂಬ ಲೆಕ್ಕವಿದೆ. ನಾವು ಇದಕ್ಕಾಗಿ ಏಳು ಕಿಲೋ ಇಳಿಸಿದೆವು. ರಕ್ತದೊತ್ತಡ, ಬೆನ್ನುನೋವು ಇರುವವರು ಮೊದಲು ವೈದ್ಯರನ್ನು ಕಾಣಲಿ.

ಕಳೆದ ದೀಪಾವಳಿಯ ಸಂಜೆ ಜಗಲಿಯಲ್ಲಿ ತಂದೆಯವರ ಹತ್ತಿರ ಕೂತು, ಬರಲಿನ ವಿಷಯ ಹೇಳಿದೆವು. ಅವರಿಗೀಗ ಎಂಬತ್ತೈದು. ಕವಳ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಗೊತ್ತಿತ್ತು ಕಣೋ" ಎಂದರು. "ಪಕ್ಕೆ ಮೇಲೆ ಬಾಸುಂಡೆ ಇತ್ತಲ್ಲ."

"ಮತ್ತೆ ಯಾಕೆ ಕೊಟ್ರಿ ಅಪ್ಪಯ್ಯ?"

"ನಿನ್ನಮ್ಮ ಕೇಳಬೇಕಲ್ಲ. ನೀನಾದರೂ ಒಂದು ಮಾತು ಹೇಳ್ತೀಯೇನೋ ಅಂತ ಹದಿನೈದು ದಿನ ಕಾದೆ."

ನಾವು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಜೀನು ತರಿಸಿದರು. ಬೂಷ್ಟು ಹಿಡಿದ ಚರ್ಮವನ್ನು ಬಟ್ಟೆಯಿಂದ ಒರೆಸಿ, ಹೊಟ್ಟೆಪಟ್ಟಿ ಲಡ್ಡಾಗಿದೆ, ಒಳಗಿನ ಮರ ಗಟ್ಟಿಯಿದೆ ಎಂದು ಬೆರಳಿಂದ ಕುಟ್ಟಿ ತೋರಿಸಿದರು. ಗೌರಿ ಯಾವ ಕಾಲು ಮೊದಲು ಎತ್ತುತ್ತಿತ್ತು, ಹಳ್ಳದ ನೀರಿಗೆ ಯಾಕೆ ಹೆದರುತ್ತಿತ್ತು ಎಂದು ರಾತ್ರಿ ಊಟಕ್ಕೆ ಕರೆಯುವವರೆಗೂ ಹೇಳಿದರು. ಕುದುರೆಯ ಬೆನ್ನು ಒಂದೊಂದೂ ಬೇರೆ, ಹಳೆಯ ಜೀನನ್ನು ಪರೀಕ್ಷಿಸದೆ ಹಾಕಿದರೆ ಬೆನ್ನು ಹುಣ್ಣಾಗುತ್ತದೆ ಎಂದು ಶಾಲೆಯವರು ಎಚ್ಚರಿಸಿದ್ದರಿಂದ ಅದನ್ನು ಬೆಂಗಳೂರಿಗೆ ಒಯ್ದಿಲ್ಲ. ಜಗಲಿಯ ಗೂಟಕ್ಕೆ ತೂಗಿದೆ. ತಂದೆಯವರು ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತಾರೆ. ಸದಸ್ಯರ ಮನೆಯ ಅಟ್ಟದಲ್ಲಿ ಇಂಥದ್ದು ಇದ್ದರೆ ಮಾರುವ ಮುನ್ನ ಒಮ್ಮೆ ನಮಗೆ ತೋರಿಸಬೇಕಾಗಿ ವಿನಂತಿ. ಕಚೇರಿಯ ವೇಳೆಯಲ್ಲಿ ಬೇಡ, ಭಾನುವಾರ ಮನೆಗೇ ಬನ್ನಿ, ತಂದೆಯವರೂ ಇರುತ್ತಾರೆ.